ಮೊದಲು ಫೈಲಿಗೊಂದು ಹೆಸರಿಡಿ

ಎಲ್ಲರಿಗೂ ನಮಸ್ಕಾರ. ಇವತ್ತು ಜನವರಿ 4, ಅಂಧರು ಬೆರಳಲ್ಲಿ ಓದುವ ಚುಕ್ಕಿಗಳ ಲಿಪಿ ಕೊಟ್ಟ ಲೂಯಿ ಬ್ರೈಲ್ ಹುಟ್ಟಿದ ದಿನ. ಅವರ ಬಗ್ಗೆ ಬೆಳಗ್ಗೆಯಿಂದ ಎಲ್ಲರೂ ಚೆನ್ನಾಗಿ ಮಾತಾಡಿದ್ದಾರೆ, ನಾನು ಮತ್ತೆ ಹೇಳುವುದಿಲ್ಲ. ಈ ಸಭೆಯಲ್ಲಿ ಕಣ್ಣು ಕಾಣದ ನಮಗೆ ಪುಸ್ತಕ ಟೈಪ್ ಮಾಡಿಕೊಡುವವರು, ಸ್ಕ್ಯಾನ್ ಮಾಡಿಕೊಡುವವರೇ ಜಾಸ್ತಿ ಇದ್ದೀರಿ. ನಿಮ್ಮ ಹತ್ತಿರ ನನ್ನ ಬೇಡಿಕೆ ಒಂದೇ: ಫೈಲಿಗೆ ಸರಿಯಾದ ಹೆಸರಿಡಿ.

ಇಷ್ಟು ಸಣ್ಣ ವಿಷಯಕ್ಕೆ ಒಂದು ಉಪನ್ಯಾಸ ಬೇಕಾ? ಬೇಕು. ಬ್ರೈಲ್ ಪುಸ್ತಕ ಈಗ ಹೆಚ್ಚಾಗಿ ಬಿಆರ್‌ಎಫ್, ಅಂದರೆ ಬ್ರೈಲ್ ರೆಡಿ ಫಾರ್ಮ್ಯಾಟ್ ಫೈಲಾಗಿ ಓಡಾಡುತ್ತದೆ. ಆ ಫೈಲಿನೊಳಗೆ ಚುಕ್ಕಿಗಳನ್ನು ಸೂಚಿಸುವ ಅಕ್ಷರಗಳು ಬಿಟ್ಟರೆ ಬೇರೇನೂ ಇಲ್ಲ. ಪುಸ್ತಕದ ಹೆಸರು, ಲೇಖಕರು, ಭಾಷೆ ಅಂತ ಪ್ರತ್ಯೇಕ ಜಾಗವೇ ಇಲ್ಲ. ಭಾರತಿ ಬ್ರೈಲ್‌ನಲ್ಲಿ ಅಂದರೆ ಭಾರತದ ಭಾಷೆಗಳಿಗೆ ಬಳಸುವ ಬ್ರೈಲ್‌ನಲ್ಲಿ, ನಮ್ಮ 'ಕ' ಅಂದರೆ ಆರು ಚುಕ್ಕಿಗಳ ಮನೆಯಲ್ಲಿ 1 ಮತ್ತು 3ನೇ ಚುಕ್ಕಿ. ಹಿಂದಿಯ 'ಕ'ಗೂ ಅದೇ, ಇಂಗ್ಲಿಷಿನ 'ಕೆ'ಗೂ ಅದೇ. ಹಾಗಾಗಿ ಫೈಲು ಕನ್ನಡದ್ದೋ ಹಿಂದಿಯದೋ ಕಂಪ್ಯೂಟರಿಗೆ ಗೊತ್ತಾಗಲ್ಲ. 'ಕುವೆಂಪು' ಅಂತ ಕನ್ನಡದಲ್ಲಿ ಹುಡುಕಿದರೆ ಆ ಫೈಲಿನಲ್ಲಿ ಸಿಗುವುದೂ ಇಲ್ಲ.

ಭಾರತಿ ಬ್ರೈಲ್ ಅಂದ ತಕ್ಷಣ ನನಗೆ ಒಂದು ಖುಷಿ, ಹೇಳಿಬಿಡುತ್ತೇನೆ. 'ಸೂರ್ಯ' ಬರೆಯುವಾಗ ಅಚ್ಚಿನಲ್ಲಿ ಅರ್ಕಾವತ್ತು ಕೊನೆಗೆ ಬರುತ್ತದೆ. ಬ್ರೈಲ್‌ನಲ್ಲಿ ಮೊದಲು ಒತ್ತಕ್ಷರದ ಗುರುತಾಗಿ 4ನೇ ಚುಕ್ಕಿ, ಆಮೇಲೆ ರ, ಆಮೇಲೆ ಯ. ಬಾಯಲ್ಲಿ ಬಂದ ಹಾಗೇ ಬೆರಳಿಗೂ ಬರುತ್ತದೆ! ಅರ್ಕಾವತ್ತು ಎಲ್ಲಿ ಹಾಕಬೇಕು ಅನ್ನುವ ಗೊಂದಲವೇ ನಮ್ಮ ಮಕ್ಕಳಿಗಿಲ್ಲ.

ಇರಲಿ, ಹೆಸರಿಗೆ ಬರೋಣ. ಪಿಯುಸಿ ಓದುತ್ತಿದ್ದ ಒಬ್ಬ ಹುಡುಗ. ಅವನ ಹತ್ತಿರ 20 ಸೆಲ್ಲಿನ ಬ್ರೈಲ್ ಡಿಸ್‌ಪ್ಲೇ ಇತ್ತು. ಅಂದರೆ ಒಂದು ಸಲಕ್ಕೆ 20 ಬ್ರೈಲ್ ಅಕ್ಷರ ಮೇಲೇಳುತ್ತವೆ, ಓದಿ ಗುಂಡಿ ಒತ್ತಿದರೆ ಮುಂದಿನ 20. ಯಾರೋ ಪ್ರೀತಿಯಿಂದ ಮೆಮೊರಿ ಕಾರ್ಡ್ ತುಂಬ ಪುಸ್ತಕ ಹಾಕಿಕೊಟ್ಟಿದ್ದರು. ಅವನಿಗೆ ಬೇಕಾಗಿದ್ದು ಇತಿಹಾಸದ ಪಠ್ಯ. ಪಟ್ಟಿ ತೆರೆದರೆ 'ಸ್ಕ್ಯಾನ್ 1', 'ಫೈನಲ್', 'ಫೈನಲ್ ನ್ಯೂ'. ಕಣ್ಣಿದ್ದವರು ಫೈಲು ತೆರೆದು ಒಂದು ನೋಟ ಹಾಯಿಸಿ ಮುಚ್ಚುತ್ತೀರಿ. ಅವನು ಹಾಗೆ ಮಾಡುವಂತಿಲ್ಲ. ಒಂದು ಫೈಲಿನ ಶುರುವಿನಲ್ಲಿ ಬರೀ ಖಾಲಿ ಸಾಲುಗಳು. ಇನ್ನೊಂದರಲ್ಲಿ ಅಲಂಕಾರಕ್ಕೆ ಹಾಕಿದ ಗೆರೆ, ಬೆರಳಿಗೆ ಅದೇ ಚಿಹ್ನೆ ಮತ್ತೆ ಮತ್ತೆ. ಮತ್ತೊಂದರಲ್ಲಿ ಪ್ರಕಾಶಕರ ಮಾತು, ಮುನ್ನುಡಿ, ಕೃತಜ್ಞತೆ. ಪುಸ್ತಕ ಯಾವುದು ಅಂತ ಮಾತ್ರ ಇಲ್ಲ. ಗುಂಡಿ ಒತ್ತಿ ಒತ್ತಿ ಮಧ್ಯಾಹ್ನವೆಲ್ಲ ಕಳೆಯಿತು. ಕೊನೆಗೂ ಇತಿಹಾಸ ಸಿಕ್ಕಿತು, ಆದರೆ ಎರಡನೇ ಭಾಗ. ಮೊದಲನೆಯದು ಆ ಕಾರ್ಡಿನಲ್ಲಿ ಇತ್ತೋ ಇಲ್ಲವೋ ಅವನಿಗೆ ಗೊತ್ತಾಗಲೇ ಇಲ್ಲ, ಪರೀಕ್ಷೆ ಬಂದುಬಿಟ್ಟಿತು. ಹುಡುಕುವುದರಲ್ಲೇ ಅವನ ಓದುವ ಹೊತ್ತು ಹೋಯಿತಲ್ಲ, ಅದು ನನಗೆ ಈಗಲೂ ಸಂಕಟ. ನಾನೂ ಬೆರಳಲ್ಲೇ ಓದುವವನು. ಆ ಗುಂಡಿ ಒತ್ತುವ ಬೇಸರ ನನಗೆ ಚೆನ್ನಾಗಿ ಗೊತ್ತು.

ಹಾಗಾಗಿ ಪುಸ್ತಕ, ಲೇಖಕರು, ಭಾಗ, ಭಾಷೆ ಎಲ್ಲವನ್ನೂ ಫೈಲಿನ ಹೆಸರಲ್ಲೇ ಹಾಕಿ. ಪುಸ್ತಕದ ಹೆಸರು ಮೊದಲು ಬರಲಿ, ಯಾಕೆಂದರೆ 20 ಸೆಲ್ಲಿನಲ್ಲಿ ಮೊದಲು ಸಿಗುವುದು ಅಷ್ಟೇ. ಕೆಲವು ಯಂತ್ರಗಳಲ್ಲಿ ಕನ್ನಡದ ಫೈಲ್ ಹೆಸರು ಸರಿಯಾಗಿ ಮೂಡಲ್ಲ, ಸದ್ಯಕ್ಕೆ ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಅದೇ ವಿವರ ಫೈಲಿನ ಮೊದಲ ಸಾಲುಗಳಲ್ಲೂ ಇರಲಿ.

ಇನ್ನೊಂದು, ಯೂನಿಕೋಡ್, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಅದರದ್ದೇ ಸಂಕೇತ ಕೊಡುವ ವ್ಯವಸ್ಥೆ. 'ನುಡಿ', 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಪರದೆ ಮೇಲೆ ಮಾತ್ರ ಕನ್ನಡ. ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಅದನ್ನು ಹಾಗೇ ಪಠ್ಯವನ್ನು ಬ್ರೈಲ್‌ಗೆ ಬದಲಿಸುವ ಲಿಬ್‌ಲೂಯಿಯಂಥ ತಂತ್ರಾಂಶಕ್ಕೆ ಕೊಟ್ಟರೆ ಅರ್ಥವಿಲ್ಲದ ಚುಕ್ಕಿಗಳು ಬರುತ್ತವೆ. ಒಬ್ಬ ಹುಡುಗಿ ಅಂಥ ಫೈಲು ಓದಿ, "ಸರ್, ಇದು ಯಾವ ಭಾಷೆ?" ಅಂತ ಕೇಳಿದ್ದಳು. ಮೊದಲು ಯೂನಿಕೋಡ್‌ಗೆ ಬದಲಿಸಿ, ಆಮೇಲೆ ಬ್ರೈಲ್ ಮಾಡಿ. ಆ ಯೂನಿಕೋಡ್ ಪಠ್ಯವನ್ನು ದಯವಿಟ್ಟು ಅಳಿಸಬೇಡಿ. ಬಿಆರ್‌ಎಫ್ ಅನ್ನು ಸಾಮಾನ್ಯವಾಗಿ ಕಾಗದದ ಅಳತೆಗೆ, ಸಾಲಿಗೆ 40 ಸೆಲ್, ಪುಟಕ್ಕೆ 25 ಸಾಲು ಅಂತ ಕೂರಿಸಿರುತ್ತಾರೆ. ಸಣ್ಣ ಡಿಸ್‌ಪ್ಲೇಯಲ್ಲಿ ಸಾಲು ಮುರಿಯುತ್ತದೆ, ಪುಟದ ಸಂಖ್ಯೆ ವಾಕ್ಯದ ಮಧ್ಯೆ ಬಂದು ಕೂರುತ್ತದೆ. ಮೂಲ ಪಠ್ಯ ಇದ್ದರೆ ಬೇಕಾದ ಅಳತೆಗೆ ಮತ್ತೆ ಮಾಡಿಕೊಳ್ಳಬಹುದು.

ಐದು ನಿಮಿಷ ಅಂತ ಅಧ್ಯಕ್ಷರು ಹೇಳುತ್ತಿದ್ದಾರೆ. ಹಕ್ಕುಸ್ವಾಮ್ಯದ ಬಗ್ಗೆ ವಿವರವಾಗಿ ಹೇಳಬೇಕು ಅಂದುಕೊಂಡಿದ್ದೆ, ಆಗಲ್ಲ. ಅಂಗವಿಕಲರ ಓದಿಗಾಗಿ, ಲಾಭದ ಉದ್ದೇಶವಿಲ್ಲದೆ ಪುಸ್ತಕವನ್ನು ಹೀಗೆ ಬದಲಿಸಲು ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯಲ್ಲಿ ಅವಕಾಶವಿದೆ. ಅಚ್ಚಿನ ಪುಸ್ತಕ ಓದಲಾಗದವರಿಗೆ ಪುಸ್ತಕ ಸಿಗಲಿ ಅಂತ ದೇಶಗಳು ಮಾಡಿಕೊಂಡ ಮರ್ರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ನಮ್ಮದು.

ಟೈಪ್ ಶುರು ಮಾಡುವ ಮುಂಚೆ ಸುಗಮ್ಯ ಪುಸ್ತಕಾಲಯದಲ್ಲಿ ಒಮ್ಮೆ ಹುಡುಕಿ. ಅಚ್ಚಿನ ಪುಸ್ತಕ ಓದಲಾಗದವರಿಗಾಗಿ 2016ರಲ್ಲಿ ಶುರುವಾದ ಆನ್‌ಲೈನ್ ಗ್ರಂಥಾಲಯ ಅದು. ಅಲ್ಲಿ ಈಗಾಗಲೇ ಇರುವ ಪುಸ್ತಕಕ್ಕೆ ಸುಮ್ನೆ ಮತ್ತೆ ಯಾಕೆ ಶ್ರಮ, ಅಲ್ವಾ? ಅಲ್ಲಿ ಒಂದು ಪುಸ್ತಕ ಹುಡುಕಿದ ಕೂಡಲೇ ಸಿಗುತ್ತದೆ ಅಂದರೆ, ಯಾರೋ ಕೂತು ಅದರ ಹೆಸರು, ಲೇಖಕರು, ಭಾಷೆ ಎಲ್ಲ ತುಂಬಿದ್ದಾರೆ ಅಂತ ಅರ್ಥ.

ಪೆನ್‌ಡ್ರೈವ್ ತಂದವರು ಊಟ ಆದಮೇಲೆ ಇಲ್ಲೇ ಇರಿ. ಎರಡು ಲ್ಯಾಪ್‌ಟಾಪ್ ಇವೆ, ಒಂದು ಡಿಸ್‌ಪ್ಲೇ ಇದೆ. ನಿಮ್ಮ ಫೈಲುಗಳನ್ನು ನಾನು ಬೆರಳಲ್ಲಿ ಓದಿ ಹೇಳುತ್ತೇನೆ, ನೀವು ಹೆಸರು ತಿದ್ದುತ್ತಾ ಹೋಗಿ.