ನಿಧಿಯೆಂದರೆ ಒಂದು ಕೂಲಿ ಕೆಲಸ

ಮಕ್ಕಳ ಸಾಹಸ ಚಿತ್ರ ಎಂದ ಕೂಡಲೇ ನೆನಪಾಗುವುದು ನಕ್ಷೆ, ಗುಹೆ, ಹೂತಿಟ್ಟ ನಿಧಿ. ನಾನು ಇವತ್ತು ಮಾತಾಡಲಿರುವ ಚಿತ್ರದಲ್ಲಿ ಎಲ್ಲರೂ ಹುಡುಕಿ ಹೊರಡುವ ನಿಧಿಯೆಂದರೆ ಒಂದು ಕೂಲಿ ಕೆಲಸ. ಚಿತ್ರದ ಹೆಸರು ‘ದ ಜರ್ನಿ ಆಫ್ ನ್ಯಾಟಿ ಗ್ಯಾನ್’. 1985ರಲ್ಲಿ ಡಿಸ್ನಿ ಸಂಸ್ಥೆ ಬಿಡುಗಡೆ ಮಾಡಿದ್ದು, ನಿರ್ದೇಶಕ ಜೆರೆಮಿ ಕೇಗನ್.

ಕಥೆ ನಡೆಯುವುದು 1935ರ ಅಮೆರಿಕದಲ್ಲಿ. 1929ರಲ್ಲಿ ಷೇರುಪೇಟೆ ಕುಸಿದ ಮೇಲೆ ಬ್ಯಾಂಕುಗಳು ಮುಳುಗಿ, ಕಾರ್ಖಾನೆಗಳು ಬಾಗಿಲು ಹಾಕಿ, 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವೇ ಇರಲಿಲ್ಲ. ಷಿಕಾಗೊದಲ್ಲಿರುವ ನ್ಯಾಟಿಯ ಅಪ್ಪ ಸಾಲ್ ಅಂಥ ನಿರುದ್ಯೋಗಿ. ತಾಯಿ ಇಲ್ಲದ ಮಗಳನ್ನು ಸಾಕಬೇಕು. ಕೊನೆಗೊಮ್ಮೆ ಕೆಲಸ ಸಿಗುತ್ತದೆ, ಆದರೆ ದೇಶದ ಇನ್ನೊಂದು ತುದಿಯಲ್ಲಿ, ವಾಷಿಂಗ್ಟನ್ ರಾಜ್ಯದ ಮರ ಕಡಿಯುವ ಶಿಬಿರದಲ್ಲಿ. ಬಸ್ಸು ಹೊರಡಲು ಕೆಲವೇ ಗಂಟೆ ಇದೆ. ಮಗಳು ಎಲ್ಲೋ ಬೀದಿ ಸುತ್ತುತ್ತಿದ್ದಾಳೆ. ಹುಡುಕುತ್ತಾನೆ, ಸಿಗುವುದಿಲ್ಲ. ತಾವಿದ್ದ ಹೋಟೆಲಿನ ಮೇಲ್ವಿಚಾರಕಿಗೆ ಅವಳನ್ನು ಒಪ್ಪಿಸಿ ಬಸ್ಸು ಹತ್ತುತ್ತಾನೆ.

ಇಡೀ ಚಿತ್ರದಲ್ಲಿ ನನ್ನನ್ನು ಬಹಳ ಕಾಡಿದ್ದು ತೋಳವಲ್ಲ, ರೈಲಲ್ಲ, ಇದೇ ಪ್ರಸಂಗ. ಅಪ್ಪ ಕುಡುಕನಲ್ಲ, ಕಟುಕನಲ್ಲ. ಮಗಳ ಮೇಲೆ ಪ್ರಾಣ ಇಟ್ಟುಕೊಂಡವನು. ಹಾಗಿದ್ದೂ ಬಿಟ್ಟುಹೋಗುತ್ತಾನೆ, ಏಕೆಂದರೆ ಆ ಬಸ್ಸು ತಪ್ಪಿದರೆ ಇಬ್ಬರಿಗೂ ಗಂಜಿಯಿಲ್ಲ. ಅವನನ್ನು ಕೆಟ್ಟವನನ್ನಾಗಿ ಮಾಡಿದ್ದರೆ ಮಕ್ಕಳಿಗೆ ಸುಲಭವಾಗುತ್ತಿತ್ತು, ನಮಗೂ ನಿರಾಳವಾಗುತ್ತಿತ್ತು. ಚಿತ್ರ ಆ ಸುಲಭದ ದಾರಿ ಹಿಡಿಯುವುದಿಲ್ಲ. ಪ್ರೀತಿ ಇದ್ದೂ ಮಗುವನ್ನು ಬಿಟ್ಟುಹೋಗಬೇಕಾದ ಸ್ಥಿತಿ ಬರಬಹುದು ಎಂಬುದನ್ನು ಮಕ್ಕಳ ಎದುರಿಗೇ ಇಡುತ್ತದೆ. ‘ಮಕ್ಕಳ ಮುಂದೆ ದುಡ್ಡಿನ ಮಾತು ಬೇಡ’ ಎನ್ನುವ ಮನೆಗಳು ನಮ್ಮಲ್ಲಿ ಬಹಳ. ಅದೇ ಹೊತ್ತಿನಲ್ಲಿ ರಾಯಚೂರು, ಯಾದಗಿರಿ ಕಡೆಯಿಂದ ಅಪ್ಪ ಅಮ್ಮ ಗುಳೆ ಹೋದಾಗ ಅಜ್ಜಿಯ ಹತ್ತಿರ ಉಳಿಯುವ ಮಕ್ಕಳಿಗೆ ಈ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮೇಲ್ವಿಚಾರಕಿಯ ವಿಷಯದಲ್ಲಿ ಮಾತ್ರ ಚಿತ್ರ ಅಷ್ಟು ಉದಾರವಾಗಿಲ್ಲ. ಗದರುವ, ಗೊಣಗುವ ಹೆಂಗಸಾಗಿಯೇ ಅವಳು ಉಳಿಯುತ್ತಾಳೆ. ಹುಡುಗಿಯನ್ನು ಅಧಿಕಾರಿಗಳಿಗೆ ಒಪ್ಪಿಸಲು ಅವಳು ಹೊರಟದ್ದು ತಿಳಿದೊಡನೆ ನ್ಯಾಟಿ ಮನೆ ಬಿಟ್ಟು ಗೂಡ್ಸ್ ಗಾಡಿ ಹತ್ತುತ್ತಾಳೆ. ಮುಂದೆ 3,000 ಕಿಲೋಮೀಟರಿಗೂ ಮೀರಿದ ದಾರಿ.

ಇದು ಬರಿಯ ಕಲ್ಪನೆಯಲ್ಲ. ಆ ವರ್ಷಗಳಲ್ಲಿ ಸುಮಾರು ಎರಡೂವರೆ ಲಕ್ಷ ಹದಿಹರೆಯದವರು ಹೀಗೆ ಗೂಡ್ಸ್ ಗಾಡಿಗಳಲ್ಲಿ ಕದ್ದು ತಿರುಗಿದರು ಎಂಬ ಅಂದಾಜಿದೆ. ಕೆಲವರನ್ನು ಮನೆಯವರೇ ‘ನಿನ್ನ ದಾರಿ ನೀನು ನೋಡಿಕೋ’ ಎಂದು ಕಳಿಸಿದ್ದರು. ಹುಡುಗಿಯರು ಗಂಡು ಹುಡುಗರ ವೇಷ ಹಾಕುತ್ತಿದ್ದರು. ನ್ಯಾಟಿಯಾಗಿ ನಟಿಸಿದ ಮೆರಿಡಿತ್ ಸಾಲೆಂಜರ್ ಅವರ ಟೋಪಿಯನ್ನೂ ಕೊಳೆ ಹತ್ತಿದ ಬಟ್ಟೆಯನ್ನೂ ಗಮನಿಸಿ ನೋಡಿ. ವಸ್ತ್ರವಿನ್ಯಾಸಕ್ಕಾಗಿ ಆಲ್ಬರ್ಟ್ ವೋಲ್ಸ್ಕಿ ಆಸ್ಕರ್‌ಗೆ ನಾಮನಿರ್ದೇಶನಗೊಂಡಿದ್ದರು. ಚಿತ್ರ ಸಾಗಿದಂತೆ ಆ ಬಟ್ಟೆ ಹುಡುಗಿಯ ಮೇಲೆ ಭಾರವಾಗುತ್ತಾ ಹೋದಂತೆ ಕಾಣುತ್ತದೆ.

ಇನ್ನು ತೋಳ. ನಾಯಿ ಕಾಳಗದ ಅಖಾಡದಿಂದ ಪಾರಾಗಿ ನ್ಯಾಟಿಯ ಬೆನ್ನು ಹತ್ತುವ ಈ ಪ್ರಾಣಿಯ ಪಾತ್ರ ಮಾಡಿದ್ದು ಜೆಡ್, ತೋಳ ಮತ್ತು ನಾಯಿಯ ಬೆರಕೆ. ಭಯಾನಕ ಚಿತ್ರಗಳ ಅಭಿಮಾನಿಗಳಿಗೆ ಗುರುತು ಹತ್ತಬಹುದು: 1982ರ ‘ದ ಥಿಂಗ್’ ಚಿತ್ರದ ಆರಂಭದಲ್ಲಿ ಹಿಮದ ಮೇಲೆ ಓಡಿ ಬರುವ ನಾಯಿಯೂ ಇದೇ. ಮಕ್ಕಳು ಈ ತೋಳಕ್ಕಾಗಿಯೇ ಚಿತ್ರ ನೋಡುತ್ತಾರೆ, ತಪ್ಪಿಲ್ಲ. ಆದರೆ ಹುಡುಗಿಗೆ ಆಪತ್ತು ಬಂದಾಗಲೆಲ್ಲ ಅದು ಹಾಜರಾಗುವುದು ನನಗೆ ತುಸು ಅನುಕೂಲದ ವ್ಯವಸ್ಥೆಯಾಗಿ ಕಂಡಿತು. ನಿಜವಾದ ದಾರಿಯಲ್ಲಿ ಆ ಮಕ್ಕಳಿಗೆ ತೋಳ ಇರಲಿಲ್ಲ.

ಇನ್ನೂ ದೊಡ್ಡ ತಕರಾರು ಒಂದಿದೆ. ಗೂಡ್ಸ್ ಗಾಡಿ ಎಲ್ಲರಿಗೂ ಒಂದೇ ಆಗಿರಲಿಲ್ಲ. 1931ರಲ್ಲಿ ಅಲಬಾಮಾದಲ್ಲಿ ಇಂಥದೇ ಗಾಡಿಯಿಂದ ಒಂಬತ್ತು ಮಂದಿ ಕಪ್ಪು ಹುಡುಗರನ್ನು ಇಳಿಸಿ, ಅತ್ಯಾಚಾರದ ಸುಳ್ಳು ಆರೋಪ ಹೊರಿಸಿ, ಎಂಟು ಮಂದಿಗೆ ಮರಣದಂಡನೆ ವಿಧಿಸಲಾಯಿತು. ಶಿಕ್ಷೆ ಜಾರಿಯಾಗಲಿಲ್ಲ, ಆದರೆ ಅವರ ಬದುಕಿನ ವರ್ಷಗಳು ಜೈಲಿನಲ್ಲಿ ಸವೆದವು. ಸ್ಕಾಟ್ಸ್‌ಬರೋ ಪ್ರಕರಣ ಎಂದು ಅದು ಹೆಸರಾಗಿದೆ. ಬಡತನವನ್ನು ಇಷ್ಟು ನೇರವಾಗಿ ತೋರಿಸುವ ಚಿತ್ರ ಬಣ್ಣದ ಪ್ರಶ್ನೆಯ ಹತ್ತಿರವೂ ಸುಳಿಯುವುದಿಲ್ಲ. ಡಿಸ್ನಿಯ ಧೈರ್ಯ ಅಲ್ಲಿಗೆ ಮುಗಿದಿತ್ತು.

ಇಷ್ಟಾದರೂ ಮನೆಯಲ್ಲಿ ಮಕ್ಕಳ ಜೊತೆ ಕುಳಿತು ನೋಡಿ ಎಂದೇ ಹೇಳುತ್ತೇನೆ. ನಾಯಿ ಕಾಳಗ ತೀರಾ ಚಿಕ್ಕವರಿಗೆ ಹೆಚ್ಚಾಗುತ್ತದೆ, ಆಗ ಎದ್ದು ಅಡುಗೆಮನೆಗೆ ಹೋಗಬೇಡಿ. ‘ಅವಳ ಅಪ್ಪ ಯಾಕೆ ಹೋದ?’ ಎಂದು ಕೇಳಿದರೆ ‘ಸುಮ್ಮನೆ ನೋಡು’ ಎನ್ನಬೇಡಿ, ಅಲ್ಲೇ ನಿಲ್ಲಿಸಿ ಉತ್ತರ ಹೇಳಿ. ಚಿತ್ರ ಕಾಯುತ್ತದೆ.