ಕ್ಲಬ್ಬನ್ನ ಎತ್ಕೊಂಡ್ ಹೋದ್ರೆ ಇನ್ನೊಂದು ಕಟ್ತೀವಿ

ಎಲ್ಲಾ ಕೇಳುಗರಿಗೂ ನಮಸ್ಕಾರ. ಫುಟ್‌ಬಾಲ್ ಟೂರ್ನಮೆಂಟ್ ಅಂದ ತಕ್ಷಣ ನಮಗೆಲ್ಲಾ ನೆನಪಾಗೋದು ವರ್ಲ್ಡ್ ಕಪ್ಪು, ಯೂರೋ ಕಪ್ಪು, ಮಧ್ಯರಾತ್ರಿ ಎದ್ದು ಟೀವಿ ಮುಂದೆ ಕೂರೋದು. ಇವತ್ತು ನಾನು ಹೇಳೋಕೆ ಹೊರಟಿರೋದು ಬೇರೆ ಒಂದು ಇಂಟರ್‌ನ್ಯಾಷನಲ್ ಟೂರ್ನಮೆಂಟ್ ಬಗ್ಗೆ, ಅದರ ಹೆಸರು ಫೀನಿಕ್ಸ್ ಟ್ರೋಫಿ. ಇಟಲಿಯ ಮಿಲಾನ್‌ನಲ್ಲಿರೋ ಬ್ರೆರಾ ಅನ್ನೋ ಸಣ್ಣ ಕ್ಲಬ್ಬಿನವರು 2021ರಲ್ಲಿ ಶುರು ಮಾಡಿದ್ದು. ಇಲ್ಲಿ ಆಡೋ ತಂಡಗಳಲ್ಲಿ ಕೋಟಿಗಟ್ಲೆ ಸಂಬಳದ ಆಟಗಾರರು ಯಾರೂ ಇಲ್ಲ, ವಾರವಿಡೀ ಬೇರೆ ಕೆಲಸ ಮಾಡ್ಕೊಂಡು ಸಂಜೆ ಪ್ರಾಕ್ಟೀಸ್ ಮಾಡೋ ಹುಡುಗರು. 2022ರ ಜೂನ್‌ನಲ್ಲಿ ಸಮುದ್ರದಂಡೆಯ ರಿಮಿನಿ ಊರಲ್ಲಿ ಮೊದಲ ಸಲದ ಫೈನಲ್ ನಡೀತು, ಗೆದ್ದಿದ್ದು ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್. ಹೆಸರು ಕೇಳಿ ಮ್ಯಾಂಚೆಸ್ಟರ್ ಯುನೈಟೆಡ್ ಅನ್ಕೋಬೇಡಿ. ಅದನ್ನ ಬಿಟ್ಟು ಬಂದ ಅಭಿಮಾನಿಗಳು ಸೇರಿ ಕಟ್ಟಿದ ಕ್ಲಬ್ ಇದು. ಅದೇ ಟೂರ್ನಮೆಂಟ್‌ನಲ್ಲಿ ಆಡಿದ ಹ್ಯಾಂಬರ್ಗ್‌ನ ಎಚ್‌ಎಫ್‌ಸಿ ಫಾಲ್ಕೆ ಕಥೆನೂ ಹಾಗೇ. ಅಲ್ಲಿನ ದೊಡ್ಡ ಕ್ಲಬ್ಬು ತನ್ನ ಫುಟ್‌ಬಾಲ್ ವಿಭಾಗನ ಸದಸ್ಯರ ಸಂಘದಿಂದ ಬೇರೆ ಮಾಡಿ ಕಂಪನಿ ಮಾಡ್ತು, ಅದು ಬೇಡ ಅಂದವರು 2014ರಲ್ಲಿ ಹೊರಗೆ ಬಂದು ತಮ್ಮದೇ ಶುರು ಮಾಡಿದ್ರು.

ಇಷ್ಟು ವರ್ಷದಿಂದ ಬೆಂಬಲಿಸಿದ ತಂಡನ ಬಿಟ್ಟು ಯಾಕಪ್ಪಾ ಹೊಸದು ಕಟ್ಟೋದು ಅಂತ ನಿಮಗೆ ಅನ್ನಿಸ್ಬಹುದು. ಅದಕ್ಕೆ ವಿಂಬಲ್ಡನ್ ಕಥೆನೇ ಹೇಳ್ಬೇಕು. ಟೆನಿಸ್ ವಿಂಬಲ್ಡನ್ ಇರೋ ಅದೇ ಜಾಗ, ದಕ್ಷಿಣ ಲಂಡನ್. ಅಲ್ಲಿ ಪ್ಲೌ ಲೇನ್ ಅನ್ನೋ ಗ್ರೌಂಡಲ್ಲಿ 1912ರಿಂದ ವಿಂಬಲ್ಡನ್ ಎಫ್‌ಸಿ ಆಡ್ತಿತ್ತು. ಯಾರೂ ಲೆಕ್ಕಕ್ಕೆ ತಗೊಳ್ದೇ ಇದ್ದ ತಂಡ 1977ರಲ್ಲಿ ಇಂಗ್ಲೆಂಡಿನ ನಾಲ್ಕನೇ ದರ್ಜೆಗೆ ಬಂತು, ಒಂಬತ್ತೇ ವರ್ಷಕ್ಕೆ ಮೊದಲ ದರ್ಜೆ, 1988ರಲ್ಲಿ ವೆಂಬ್ಲಿ ಮೈದಾನದಲ್ಲಿ ಲಿವರ್‌ಪೂಲ್‌ನ 1-0 ಸೋಲಿಸಿ ಇಂಗ್ಲೆಂಡಿನ ದೊಡ್ಡ ನಾಕೌಟ್ ಟೂರ್ನಮೆಂಟ್ ಆದ ಎಫ್‌ಎ ಕಪ್! ಅವತ್ತು ಗೋಲ್‌ಕೀಪರ್ ಡೇವ್ ಬೀಸಂಟ್ ತಡೆದ ಪೆನಾಲ್ಟಿ ಇದೆಯಲ್ಲಾ, ವೆಂಬ್ಲಿಯ ಎಫ್‌ಎ ಕಪ್ ಫೈನಲ್‌ನಲ್ಲಿ ಯಾರೂ ಅದಕ್ಕೆ ಮುಂಚೆ ಪೆನಾಲ್ಟಿ ತಡೆದಿರ್ಲಿಲ್ಲ.

ಆಮೇಲೆ ಕಷ್ಟ ಶುರುವಾಯ್ತು. 1989ರಲ್ಲಿ ಹಿಲ್ಸ್‌ಬರೋ ಸ್ಟೇಡಿಯಂನಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಪ್ರೇಕ್ಷಕರು ಸತ್ತ ದುರಂತ ಆದ್ಮೇಲೆ ದೊಡ್ಡ ದರ್ಜೆಯ ಸ್ಟೇಡಿಯಂಗಳಲ್ಲಿ ಎಲ್ರಿಗೂ ಸೀಟು ಇರ್ಬೇಕು ಅಂತ ಆಯ್ತು, ಪ್ಲೌ ಲೇನ್ ಹಳೇ ಗ್ರೌಂಡು, ಅಲ್ಲಿ ಅದು ಆಗಲ್ಲ ಅಂತ 1991ರಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಕ್ಲಬ್ಬಿನ ಸೆಲ್‌ಹರ್ಸ್ಟ್ ಪಾರ್ಕಿಗೆ ಬಾಡಿಗೆಗೆ ಹೋದ್ರು. ಹೋದವರು ವಾಪಸ್ ಬರ್ಲೇ ಇಲ್ಲ. ಮಾಲೀಕರು ಬದಲಾದ್ರು, 2000ದಲ್ಲಿ ತಂಡ ಪ್ರೀಮಿಯರ್ ಲೀಗ್‌ನಿಂದ ಕೆಳಗೆ ಬಿತ್ತು, 2001ರಲ್ಲಿ ಆಡಳಿತದವರು ಕ್ಲಬ್ಬನ್ನ ಮಿಲ್ಟನ್ ಕೀನ್ಸ್‌ಗೆ ಸಾಗಿಸ್ತೀವಿ ಅಂದ್ರು. ಸುಮಾರು ತೊಂಬತ್ತು ಕಿಲೋಮೀಟರ್ ದೂರದ ಬೇರೆ ಊರು ಅದು. ಜನ ಬೀದಿಗಿಳಿದ್ರು, ಮ್ಯಾಚ್‌ಗೆ ಹೋಗೋದೇ ನಿಲ್ಲಿಸಿದ್ರು, ಲೀಗ್‌ನವರು ಮೊದಲು ಬೇಡ ಅಂದ್ರೂ ಕೊನೆಗೆ ಮೂರು ಜನರ ಕಮಿಷನ್ ಕೂತು 2002ರ ಮೇ 28ಕ್ಕೆ ಎರಡು-ಒಂದರ ಬಹುಮತದಲ್ಲಿ ಹೋಗ್ಬಹುದು ಅಂತ ತೀರ್ಪು ಕೊಡ್ತು. ಅಭಿಮಾನಿಗಳು ಹೊಸ ಕ್ಲಬ್ ಕಟ್ಟೋದು ಫುಟ್‌ಬಾಲಿನ ಹಿತಕ್ಕೆ ಒಳ್ಳೇದಲ್ಲ ಅನ್ನೋ ಅರ್ಥದ ಮಾತು ಬೇರೆ ಆ ವರದೀಲಿ ಇತ್ತು. ಅದನ್ನ ಓದ್ದಾಗ್ಲೆಲ್ಲಾ ನಂಗೆ ಈಗ್ಲೂ ಸಿಟ್ಟು ಬರುತ್ತೆ.

ತೀರ್ಪು ಬಂದು ಎರಡೇ ದಿನ, ಎಎಫ್‌ಸಿ ವಿಂಬಲ್ಡನ್ ಅನ್ನೋ ಹೊಸ ಕ್ಲಬ್ ಹುಟ್ತು. ಆಟಗಾರರಿಲ್ಲ, ಗ್ರೌಂಡ್ ಇಲ್ಲ, ಜನ ಮಾತ್ರ ಇದ್ದಾರೆ. ಆಟಗಾರರು ಬೇಕು ಅಂತ ಕರೆ ಕೊಟ್ಟು ಜೂನ್ ಕೊನೇಲಿ ವಿಂಬಲ್ಡನ್ ಕಾಮನ್ ಅನ್ನೋ ಊರ ಬಯಲಲ್ಲಿ ಟ್ರಯಲ್ಸ್ ಇಟ್ರು, ಇನ್ನೂರಕ್ಕಿಂತ ಹೆಚ್ಚು ಜನ ಬೂಟು ಹಿಡ್ಕೊಂಡು ಬಂದ್ರು. ಜುಲೈನಲ್ಲಿ ಸಟನ್ ಯುನೈಟೆಡ್ ಮೇಲೆ ಮೊದಲ ಫ್ರೆಂಡ್ಲಿ ಮ್ಯಾಚು, 4-0 ಸೋತ್ರು, ಆದ್ರೆ ನೋಡೋಕೆ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಜನ ಸೇರಿದ್ರು. ಲೀಗ್‌ನಲ್ಲಿ ಜಾಗ ಸಿಕ್ಕಿದ್ದು ಒಂಬತ್ತನೇ ದರ್ಜೇಲಿ. ಹಳೇ ಕ್ಲಬ್ಬಿಗೆ ಎರಡನೇ ದರ್ಜೆ ಸೀಟು ಪುಕ್ಕಟೆ ಉಳೀತು, ಊರಲ್ಲೇ ಉಳಿದ ಜನಕ್ಕೆ ಒಂಬತ್ತನೇದು.

ಅಲ್ಲಿಂದ ಹತ್ತಿದ್ದು ನೋಡಿ. 2003ರಿಂದ 2004ರವರೆಗೆ ಸತತ 78 ಲೀಗ್ ಮ್ಯಾಚು ಸೋಲೇ ಇಲ್ಲ, ಇಂಗ್ಲೆಂಡಿನ ಸೀನಿಯರ್ ಫುಟ್‌ಬಾಲಲ್ಲಿ ಅದೇ ದಾಖಲೆ. ಒಂಬತ್ತು ಸೀಸನ್‌ನಲ್ಲಿ ಐದು ಪ್ರಮೋಷನ್, 2011ರ ಮೇ ತಿಂಗಳಲ್ಲಿ ಲೂಟನ್ ಟೌನ್ ಜೊತೆ ಗೋಲಿಲ್ಲದ ಪ್ಲೇಆಫ್ ಫೈನಲ್, ಪೆನಾಲ್ಟೀಲಿ ಗೆದ್ದು ನಾಲ್ಕನೇ ದರ್ಜೆಗೆ, ಅಂದ್ರೆ ಫುಟ್‌ಬಾಲ್ ಲೀಗ್‌ಗೆ ಸೇರಿದ್ರು. 2012ರಲ್ಲಿ ಎಫ್‌ಎ ಕಪ್‌ನಲ್ಲಿ ಮಿಲ್ಟನ್ ಕೀನ್ಸ್‌ಗೆ ಹೋದ ಆ ಹಳೇ ಕ್ಲಬ್ಬಿನ ಎದುರೇ ಬಂದ್ರು, ಸೋತ್ರು ಬಿಡಿ, 2-1. ಆದ್ರೆ ಈ ಜನ ಅಷ್ಟಕ್ಕೇ ಸಾಕು ಅನ್ಲಿಲ್ಲ, ಊರಿಗೆ ವಾಪಸ್ ಹೋಗ್ಬೇಕು ಅಂತ ಕೂತ್ರು. ತಾವಿದ್ದ ಕಿಂಗ್ಸ್‌ಮೆಡೋ ಗ್ರೌಂಡನ್ನ ಮಾರಿ, ದುಡ್ಡು ಸಾಲ್ದೇ ಬಂದಾಗ ಅಭಿಮಾನಿಗಳಿಗೇ ಬಾಂಡ್ ಮಾರಿ ಐವತ್ತು ಲಕ್ಷ ಪೌಂಡ್‌ಗಿಂತ ಜಾಸ್ತಿ ಎತ್ತಿ, ಹಳೇ ಪ್ಲೌ ಲೇನ್‌ನಿಂದ ಕೂಗಳತೆ ದೂರದಲ್ಲಿ ಹೊಸ ಪ್ಲೌ ಲೇನ್ ಕಟ್ಟಿದ್ರು. 2020ರ ನವೆಂಬರ್‌ನಲ್ಲಿ ಅಲ್ಲಿ ಮೊದಲ ಮ್ಯಾಚ್ ಆದಾಗ ಕೊರೋನಾ ಕಾಲ, ಇಪ್ಪತ್ತೊಂಬತ್ತು ವರ್ಷ ಕಾದ ಜನಕ್ಕೆ ಒಳಗೆ ಹೋಗೋ ಹಾಗಿಲ್ಲ, ಮನೇಲಿ ಕೂತು ನೋಡಿದ್ರು. ಕ್ಲಬ್ಬಿನ ಹೆಚ್ಚಿನ ಪಾಲು ಇವತ್ತಿಗೂ ಅಭಿಮಾನಿಗಳ ಡಾನ್ಸ್ ಟ್ರಸ್ಟ್ ಹತ್ರನೇ ಇದೆ.

ಮ್ಯಾಂಚೆಸ್ಟರ್ ಕಥೆ ಸ್ವಲ್ಪ ಬೇರೆ. ಅಲ್ಲಿ ಕ್ಲಬ್ ಎಲ್ಲೂ ಹೋಗ್ಲಿಲ್ಲ, ಇದ್ದಲ್ಲೇ ಇತ್ತು. 2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬ ಸಾಲ ತಂದು ಮ್ಯಾಂಚೆಸ್ಟರ್ ಯುನೈಟೆಡ್ ಕೊಂಡ್ಕೊಂಡು ಆ ಸಾಲದ ದೊಡ್ಡ ಪಾಲನ್ನ ಕ್ಲಬ್ ತಲೆ ಮೇಲೇ ಹಾಕ್ತು. ಟಿಕೆಟ್ ರೇಟು ಮೊದಲೇ ಏರ್ತಾ ಇತ್ತು, ನಮ್ಮ ದುಡ್ಡಲ್ಲಿ ಇವರ ಸಾಲ ಯಾಕೆ ತೀರಿಸ್ಬೇಕು ಅಂತ ಒಂದಿಷ್ಟು ಜನ ಹೊರಗೆ ಬಂದು ಹತ್ತನೇ ದರ್ಜೇಲಿ ಎಫ್‌ಸಿ ಯುನೈಟೆಡ್ ಶುರು ಮಾಡಿದ್ರು. ಇದು ಸುಲಭದ ತೀರ್ಮಾನ ಅಲ್ಲ ಕಣ್ರೀ, ಒಂದೇ ಸ್ಟ್ಯಾಂಡಲ್ಲಿ ವರ್ಷಗಟ್ಲೆ ಜೊತೆಗೆ ನಿಂತವರಲ್ಲಿ ಒಬ್ಬ ಹೋಗೋದು ಒಬ್ಬ ಉಳಿಯೋದು ಅಂದ್ರೆ ಒಡಕೇ. ಹೊಸ ಕ್ಲಬ್ಬಲ್ಲಿ ಒಬ್ಬ ಸದಸ್ಯನಿಗೆ ಒಂದೇ ಓಟು, ಎಷ್ಟೇ ದುಡ್ಡು ಹಾಕಿದ್ರೂ ಅಷ್ಟೇ. ಜರ್ಸಿ ಮೇಲೆ ಸ್ಪಾನ್ಸರ್ ಹೆಸರು ಹಾಕಲ್ಲ. ಸೀಸನ್ ಟಿಕೆಟ್‌ಗೆ ಒಂದು ಕನಿಷ್ಠ ಮೊತ್ತ ಇಟ್ಟು ಅದರ ಮೇಲೆ ಕೈಲಾದಷ್ಟು ಕೊಡಿ ಅಂದ್ರು. 2010ರಲ್ಲಿ ಎಫ್‌ಎ ಕಪ್ ಮೊದಲ ಸುತ್ತಲ್ಲಿ ಮೂರನೇ ದರ್ಜೆಯ ರೋಚ್‌ಡೇಲ್‌ನ 3-2 ಸೋಲಿಸಿದ್ರು, 2015ರಲ್ಲಿ ಮಾಸ್ಟನ್‌ನಲ್ಲಿ ತಮ್ಮದೇ ಗ್ರೌಂಡ್ ಬ್ರಾಡ್‌ಹರ್ಸ್ಟ್ ಪಾರ್ಕ್ ಉದ್ಘಾಟನೆಗೆ ಪೋರ್ಚುಗಲ್‌ನ ಬೆನ್‌ಫಿಕಾ ತಂಡ ಬಂದು ಆಡಿತ್ತು.

ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ದು ಇನ್ನೂ ಬೇಜಾರಿನ ಕಥೆ. 1933ರಿಂದ ನೇರಳೆ-ಬಿಳಿ ಬಣ್ಣದಲ್ಲಿ ಆಡ್ತಿದ್ದ ಕ್ಲಬ್ಬು, 1994ರಲ್ಲಿ ಯುರೋಪಿನ ಕ್ಲಬ್ಬುಗಳ ಯುಯೆಫಾ ಕಪ್ ಫೈನಲ್ ಆಡಿದ ಕ್ಲಬ್ಬು. 2005ರಲ್ಲಿ ರೆಡ್ ಬುಲ್ ಕೊಂಡ್ಕೊಳ್ತು, ಹೆಸರು ಹೋಯ್ತು, ಬಣ್ಣನೂ ಹೋಯ್ತು. ನೇರಳೆ ಬಣ್ಣನಾದ್ರೂ ಉಳಿಸಿ ಅಂತ ಕೇಳಿ ಸೋತವರು ಹಳೇ ಹೆಸರಲ್ಲೇ ಎಸ್‌ವಿ ಆಸ್ಟ್ರಿಯಾ ಸಾಲ್ಜ್‌ಬರ್ಗ್ ಮತ್ತೆ ಕಟ್ಟಿ ಏಳನೇ ದರ್ಜೆಯಿಂದ ಹೊರಟ್ರು. 2015ರಲ್ಲಿ ಎರಡನೇ ದರ್ಜೆ ಮುಟ್ಟಿದ್ರು, ಖರ್ಚು ತಡೆಯಕ್ಕಾಗ್ದೇ ಒಂದೇ ಸೀಸನ್‌ಗೆ ದಿವಾಳಿ ಆಗಿ ಕೆಳಗೆ ಬಿದ್ರು. 2023ರಲ್ಲಿ ಆಸ್ಟ್ರಿಯಾ ಕಪ್‌ನಲ್ಲಿ ರೆಡ್ ಬುಲ್ ತಂಡನೇ ಎದುರಾಳಿ, 4-0 ಸೋಲು. 2025ರಲ್ಲಿ ಮತ್ತೆ ಎರಡನೇ ದರ್ಜೆಗೆ ಹತ್ತಿದ್ರು, ಹತ್ತು ವರ್ಷ ಬೇಕಾಯ್ತು.

ಅಭಿಮಾನಿಗಳೇ ಮಾಲೀಕರಾದ್ರೆ ಎಲ್ಲಾ ಸರಿ ಹೋಗುತ್ತೆ ಅಂತ ನಾನೇನೂ ಹೇಳ್ತಿಲ್ಲ. ಎಫ್‌ಸಿ ಯುನೈಟೆಡ್‌ನಲ್ಲೂ ಆಡಳಿತ ಮಂಡಳಿ ಮೇಲೆ ಸದಸ್ಯರು ತಿರುಗಿಬಿದ್ದ ಕಾಲ ಇತ್ತು, ಮೀಟಿಂಗ್‌ಗಳಲ್ಲಿ ಜಗಳ, ರಾಜೀನಾಮೆ ಎಲ್ಲಾ ಆಯ್ತು. ಆದ್ರೂ ಜಗಳ ಆಡೋಕೆ ಒಂದು ಮೀಟಿಂಗ್ ಇದೆಯಲ್ಲ, ಕೈ ಎತ್ತಿ ಓಟು ಹಾಕೋ ಹಕ್ಕಿದೆಯಲ್ಲ, ಅದು ನಂಗೆ ದೊಡ್ಡದು ಅನ್ನಿಸುತ್ತೆ.

ಈಗ ನಮ್ ದೇಶಕ್ಕೆ ಬನ್ನಿ. 2019ರಲ್ಲಿ ನಮ್ಮ ದೊಡ್ಡ ಲೀಗ್ ಐಎಸ್‌ಎಲ್, ಅಂದ್ರೆ ಇಂಡಿಯನ್ ಸೂಪರ್ ಲೀಗ್‌ನ ಡೆಲ್ಲಿ ಡೈನಮೋಸ್ ತಂಡ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯ್ತು. ಅದೇ ವರ್ಷ ಪುಣೆ ಸಿಟಿ ಮುಚ್ಚಿ ಆ ಜಾಗಕ್ಕೆ ಹೈದರಾಬಾದ್ ಬಂತು, 2025ರಲ್ಲಿ ಆ ಹೈದರಾಬಾದೂ ಎದ್ದು ಡೆಲ್ಲಿಗೆ ಹೋಯ್ತು. ಪ್ರತಿ ಸಲ ಒಂದು ಊರಿನ ಅಭಿಮಾನಿಗಳು ಬರಿಗೈಲಿ ನಿಂತ್ರು. ವಿಂಬಲ್ಡನ್ ಜನ ಮಾಡಿದ್ದನ್ನ ಇವರು ಯಾಕೆ ಮಾಡ್ಲಿಲ್ಲ ಅಂತ ಕೇಳೋದು ಸುಲಭ, ಆದ್ರೆ ಲಂಡನ್‌ನಲ್ಲಿ ಒಂಬತ್ತನೇ ದರ್ಜೆಯಿಂದ ಮೇಲಕ್ಕೆ ಗೆದ್ದು ಬರೋ ದಾರಿ ಇತ್ತು, ನಮ್ಮಲ್ಲಿ ಕೆಳಗಿನ ದರ್ಜೆಯ ಐ-ಲೀಗ್ ಗೆದ್ದು ಐಎಸ್‌ಎಲ್‌ಗೆ ಹೋಗೋ ದಾರಿ ತೆರೆದಿದ್ದೇ 2023ರಲ್ಲಿ, ಪಂಜಾಬ್ ಎಫ್‌ಸಿ ಹಾಗೆ ಹೋದ ಮೊದಲ ತಂಡ. ಬೆಂಗಳೂರು ಎಫ್‌ಸಿಯ (ಬಿಎಫ್‌ಸಿ) ಅಭಿಮಾನಿಗಳ ಗುಂಪು ವೆಸ್ಟ್ ಬ್ಲಾಕ್ ಬ್ಲೂಸ್‌ನವರು ಕಂಠೀರವದಲ್ಲಿ ತೊಂಬತ್ತು ನಿಮಿಷನೂ ನಿಂತ್ಕೊಂಡೇ ಹಾಡ್ತಾರೆ, 2016ರಲ್ಲಿ ಬಿಎಫ್‌ಸಿ ಮಲೇಷ್ಯಾದ ಜೊಹೋರ್ ತಂಡನ 3-1 ಸೋಲಿಸಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್‌ಗೆ ಹೋದಾಗ ಆ ಸ್ಟೇಡಿಯಂ ಹೇಗಿತ್ತು ಅಂತ ಅಲ್ಲಿದ್ದವರನ್ನ ಕೇಳಿ. ಅದೇ ಜನ 2025ರ ಆಗಸ್ಟ್‌ನಲ್ಲಿ ಲೀಗ್ ನಡೆಯುತ್ತೋ ಇಲ್ವೋ ಗೊತ್ತಿಲ್ದೆ ಕ್ಲಬ್ಬು ಸಂಬಳ ನಿಲ್ಲಿಸಿದೆ ಅನ್ನೋ ಸುದ್ದಿನ ಫೋನಲ್ಲಿ ಓದ್ಬೇಕಾಯ್ತು, ಅವರನ್ನ ಯಾರೂ ಏನೂ ಕೇಳ್ಲಿಲ್ಲ.

ಇಂಗ್ಲೆಂಡಲ್ಲಿ 2021ರಲ್ಲಿ ಆರು ದೊಡ್ಡ ಕ್ಲಬ್ಬುಗಳು ಯುರೋಪಿನ ದೊಡ್ಡ ಕ್ಲಬ್ಬುಗಳೇ ಸೇರಿ ಮಾಡ್ಕೊಳ್ತಿದ್ದ ಸೂಪರ್ ಲೀಗ್‌ಗೆ ಹೋಗ್ತೀವಿ ಅಂತ ಹೊರಟಾಗ ಅಭಿಮಾನಿಗಳು ಸ್ಟೇಡಿಯಂ ಹೊರಗೆ ಜಮಾಯಿಸಿ ಎರಡೇ ದಿನದಲ್ಲಿ ವಾಪಸ್ ಬರೋ ಹಾಗೆ ಮಾಡಿದ್ರು. ಆಮೇಲೆ ಸರ್ಕಾರ ಒಂದು ಪರಿಶೀಲನೆ ಮಾಡಿಸಿ, 2025ರಲ್ಲಿ ಫುಟ್‌ಬಾಲ್ ಆಡಳಿತಕ್ಕೇ ಅಂತ ಕಾನೂನು ತಂತು, ಒಂದು ಸ್ವತಂತ್ರ ನಿಯಂತ್ರಕ ಸಂಸ್ಥೆನೂ ಬಂತು. ಕ್ಲಬ್ಬಿನ ಲಾಂಛನ, ಜರ್ಸಿ ಬಣ್ಣ ಬದಲಾಯಿಸ್ಬೇಕಾದ್ರೆ ಇನ್ಮೇಲೆ ಅಭಿಮಾನಿಗಳನ್ನ ಕೇಳ್ಬೇಕು, ಗ್ರೌಂಡ್ ಮಾರೋಕೆ, ಊರು ಬಿಡೋಕೆ ಅನುಮತಿ ಬೇಕು. ನಮ್ ಫೆಡರೇಷನ್ನಿನವರು ಐಎಸ್‌ಎಲ್‌ನ ಮತ್ತೆ ಕಟ್ಟೋ ಮಾತಾಡ್ತಾ ಇರೋ ಈ ಹೊತ್ತಲ್ಲಿ, ಅದರಲ್ಲಿ ಕಡೇ ಪಕ್ಷ ಊರು ಬಿಡೋ ಬಗ್ಗೆ ಒಂದು ನಿಯಮನಾದ್ರೂ ಬರೀಲಿ. ನಮಸ್ಕಾರ.