ಬೆದೆಯ ಲೆಕ್ಕ, ಸೂಜಿಯ ಮಿತಿ

ಎಲ್ಲರಿಗೂ ನಮಸ್ಕಾರ. ಹೆಣ್ಣು ಕುದುರೆಯ ಬೆದೆಯನ್ನು ಔಷಧದಿಂದ ಹೊಂದಿಸುವ ಬಗ್ಗೆ ನನ್ನ ಅನುಭವದ ಕೆಲವು ಮಾತು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುವಾಗ ನಮ್ಮ ಕೈ ಪಳಗಿದ್ದು ಹೆಚ್ಚಾಗಿ ಹಸುಗಳ ಮೇಲೆ. ಕುದುರೆಯನ್ನೂ ಹಸುವಿನ ಲೆಕ್ಕದಲ್ಲೇ ನೋಡುವ ರೂಢಿ ನಮಗೆ ಅಂಟಿಕೊಂಡದ್ದು ಅಲ್ಲಿಂದ. ಆ ರೂಢಿ ನನಗೆ ದುಬಾರಿಯಾಯಿತು.

ಹಸುವಿನ ಬೆದೆ ಒಂದು ದಿನದೊಳಗೆ ಮುಗಿಯುತ್ತದೆ. ಹೆಣ್ಣು ಕುದುರೆಯ ಚಕ್ರವೂ ಸುಮಾರು 21 ದಿನದ್ದೇ, ಆದರೆ ಬೆದೆ ಐದರಿಂದ ಏಳು ದಿನ ಇರುತ್ತದೆ. ಅಂಡ ಬಿಡುಗಡೆಯಾಗುವುದು ಬೆದೆ ಇಳಿಯುವ ಒಂದೆರಡು ದಿನ ಮೊದಲು. ಆ ಅಂಡ ಬಾಳುವುದು ಕೆಲವೇ ಗಂಟೆ. ರೇಸಿನ ಕುದುರೆಗಳಾದ ಥರೋಬ್ರೆಡ್ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಮಾನ್ಯತೆ ಇಲ್ಲ, ಬೀಜದ ಕುದುರೆಯ ಬಳಿಗೆ ಕರೆದೊಯ್ಯಲೇಬೇಕು. ಒಮ್ಮೆ ದಿನ ತಪ್ಪಿದರೆ ಮೂರು ವಾರ ಹೋಯಿತು. ಹುಟ್ಟಿದ ತಿಂಗಳು ಯಾವುದಾದರೂ, ಜನವರಿ 1 ಬಂತೆಂದರೆ ಎಲ್ಲ ಮರಿಗಳ ವಯಸ್ಸೂ ಲೆಕ್ಕದಲ್ಲಿ ಒಂದು ವರ್ಷ ಏರುತ್ತದೆ; ತಡವಾಗಿ ಹುಟ್ಟಿದ್ದು ತನಗಿಂತ ಬಲಿತವುಗಳ ಜೊತೆ ಓಡಬೇಕು. ಗರ್ಭವೋ ಹನ್ನೊಂದು ತಿಂಗಳಿನದು. ಮಾಲೀಕರ ಅವಸರಕ್ಕೆ ಕಾರಣ ಇದೇ.

ವೃತ್ತಿಗೆ ಬಂದ ಹೊಸತು. ನಗರದ ಅಂಚಿನ ಒಂದು ಲಾಯದಲ್ಲಿ, ಬೆದೆ ಹೋಗಿ ವಾರವಾಯಿತು ಎಂಬ ಮಾತನ್ನು ನಂಬಿ, ಮುಂದಿನ ಬೆದೆಯನ್ನು ಬೇಗ ತರಿಸುವ ಪ್ರೊಸ್ಟಾಗ್ಲಾಂಡಿನ್ ಚುಚ್ಚಿದೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಕುದುರೆಯ ಕತ್ತು ಬೆವರಿನಿಂದ ತೊಯ್ದುಹೋಯಿತು, ಮುಂಗಾಲಿನಿಂದ ನೆಲ ಕೆರೆಯತೊಡಗಿತು. "ಡಾಕ್ಟರೇ, ಹೊಟ್ಟೆನೋವು ಬಂದಿದೆ" ಎಂದು ಕುದುರೆ ನೋಡಿಕೊಳ್ಳುವ ಸೈಸ್ ಗಾಬರಿಯಾದ. ಇದು ಈ ಔಷಧದ ಗೊತ್ತಿರುವ ಅಡ್ಡಪರಿಣಾಮ. ಮೆಲ್ಲಗೆ ನಡೆಸಿದೆವು, ಅರ್ಧ ಗಂಟೆಯಲ್ಲಿ ಶಮನವಾಯಿತು. ಆದರೆ ಬೆದೆ ಬರಲೇ ಇಲ್ಲ. ಲಾಯದ ಪುಸ್ತಕ ತಿರುವಿದಾಗ ಗೊತ್ತಾಯಿತು: ಬೆದೆ ಇಳಿದು ಎರಡೇ ದಿನವಾಗಿತ್ತು.

ಅಂಡ ಹೊರಬಿದ್ದ ಜಾಗದಲ್ಲಿ ಬೆಳೆಯುವ ಕಾರ್ಪಸ್ ಲೂಟಿಯಂ ಎಂಬ ಗ್ರಂಥಿ ಪ್ರೊಜೆಸ್ಟರಾನ್ ಹಾರ್ಮೋನ್ ಸುರಿಸುತ್ತಾ ಮುಂದಿನ ಬೆದೆಯನ್ನು ತಡೆದಿಡುತ್ತದೆ. ಅದನ್ನು ಕರಗಿಸುವುದೇ ಪ್ರೊಸ್ಟಾಗ್ಲಾಂಡಿನ್ ಕೆಲಸ. ಐದು ದಿನ ತುಂಬದ ಎಳೆಯ ಲೂಟಿಯಂ ಒಂದು ಡೋಸಿಗೆ ಸಾಮಾನ್ಯವಾಗಿ ಜಗ್ಗುವುದಿಲ್ಲ. ಕರಗಿದರೂ ಅಂಡ ಯಾವಾಗ ಬರುತ್ತದೆ ಎಂಬುದು ಆ ಹೊತ್ತಿಗೆ ಅಂಡಾಶಯದಲ್ಲಿರುವ ಫಾಲಿಕಲ್, ಅಂದರೆ ಅಂಡ ಬೆಳೆಯುವ ಚೀಲದ ಗಾತ್ರದ ಮೇಲೆ ನಿಂತಿದೆ. ದೊಡ್ಡದಿದ್ದರೆ ಕೆಲವೇ ದಿನ, ಚಿಕ್ಕದಿದ್ದರೆ ಹತ್ತು ದಿನವೂ ಆದೀತು. ಸ್ಕ್ಯಾನ್ ಮಾಡದೆ ಬೀಜದ ಕುದುರೆಗೆ ದಿನ ಗೊತ್ತುಮಾಡಬೇಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಫಾಲಿಕಲ್ 35 ಮಿಲಿಮೀಟರ್ ದಾಟಿರಬೇಕು, ಗರ್ಭಕೋಶದ ಒಳಪದರ ಬಾತು ತೆರೆಯ ಮೇಲೆ ಅಡ್ಡ ಕೊಯ್ದ ಕಿತ್ತಳೆಯಂತೆ ಕಾಣಬೇಕು. ಆಗ ಅಂಡ ಬಿಡಿಸುವ ಹಾರ್ಮೋನ್ ಆದ ಎಚ್‌ಸಿಜಿ ಕೊಟ್ಟರೆ ಹೆಚ್ಚಿನವು 36ರಿಂದ 48 ಗಂಟೆಯೊಳಗೆ ಅಂಡ ಬಿಡುತ್ತವೆ. ಬಲಿಯದ ಫಾಲಿಕಲ್ ಮೇಲೆ ಅದು ದಂಡ.

ಬೆದೆ ಬೇಗ ಬರಲೆಂದು ಲಾಯದಲ್ಲಿ ಹಚ್ಚುವ ದೀಪದ ಬೆಳಕಿನ ಬಗ್ಗೆ ಎರಡೇ ಮಾತು. ಹಗಲು ಉದ್ದವಾದಂತೆ ಕುದುರೆಯ ಚಕ್ರ ಚುರುಕಾಗುತ್ತದೆ. ಬೆಂಗಳೂರಿನಲ್ಲಿ ಡಿಸೆಂಬರ್ ಹಗಲಿಗೂ ಜೂನ್ ಹಗಲಿಗೂ ಒಂದೂವರೆ ಗಂಟೆಯಷ್ಟೇ ಅಂತರ. ಯುರೋಪಿನ ಪಠ್ಯದಲ್ಲಿರುವ ತಿಂಗಳುಗಳನ್ನು ಇಲ್ಲಿಗೆ ಹಾಗೆಯೇ ಇಳಿಸಬೇಡಿ.

ಕೊನೆಯದಾಗಿ, ಬೆದೆಯನ್ನು ತಡೆದಿಡಲು ಸುಮಾರು ಹದಿನೈದು ದಿನ ಬಾಯಿಗೆ ಹಾಕುವ ಆಲ್ಟ್ರೆನೊಜೆಸ್ಟ್. ಎಣ್ಣೆಯಂಥ ಈ ಔಷಧ ಮನುಷ್ಯರ ಚರ್ಮದ ಮೂಲಕವೂ ಒಳಗಿಳಿಯುತ್ತದೆ. ಪ್ರೊಸ್ಟಾಗ್ಲಾಂಡಿನ್ ಕೂಡ ಹಾಗೆಯೇ. ಗರ್ಭಿಣಿಯರು ಇವೆರಡನ್ನೂ ಮುಟ್ಟಲೇಬಾರದು, ಆಸ್ತಮಾ ಇರುವವರು ಪ್ರೊಸ್ಟಾಗ್ಲಾಂಡಿನ್‌ನಿಂದ ದೂರವಿರಬೇಕು. ಲಾಯದಲ್ಲಿ ದಿನವೂ ಔಷಧ ಹಾಕುವವರು ನಾವಲ್ಲ, ಸೈಸ್‌ಗಳು, ಎಷ್ಟೋ ಕಡೆ ಅವರ ಮನೆಯ ಹೆಣ್ಣುಮಕ್ಕಳು. ಚೀಟಿ ಬರೆದು ಹೊರಡುವ ಮುಂಚೆ ಅವರನ್ನು ಕರೆದು, ಕೈಗವಸು ಕೊಟ್ಟು, ಕನ್ನಡದಲ್ಲಿ ಬಿಡಿಸಿ ಹೇಳಿ.